ರೂಟ್ 20ರ ಹಳೇ ಹೋಟೆಲುಗಳಲ್ಲಿ ಊಟ

ಶುಕ್ರವಾರ: ಸಡ್‌ಬರಿ

ಬಾಸ್ಟನ್‌ನಿಂದ ಪಶ್ಚಿಮಕ್ಕೆ ಹೊರಡುವ ರೂಟ್ 20 ಅಮೆರಿಕದ ಅತಿ ಉದ್ದದ ರಸ್ತೆ. ಪೆಸಿಫಿಕ್ ದಡದ ನ್ಯೂಪೋರ್ಟ್ ಎಂಬ ಊರಿನಲ್ಲಿ ಮುಗಿಯುತ್ತದೆ. ಸುಮಾರು 5,400 ಕಿಲೋಮೀಟರ್. ಇದನ್ನು ಹೇಳಿದ್ದೇ ತಡ, ಅಪ್ಪನಿಗೆ ಹುರುಪು ಬಂತು. ಅಪ್ಪ ಪಿಡಬ್ಲ್ಯುಡಿಯಲ್ಲಿ ಎಂಜಿನಿಯರ್ ಆಗಿದ್ದವರು. ನಯಾಗರ ತೋರಿಸಿದರೆ "ಎತ್ತರದಲ್ಲಿ ನಮ್ಮ ಜೋಗದ ಮುಂದೆ ಏನೂ ಇಲ್ಲ" ಅಂದುಬಿಟ್ಟರು. ರಸ್ತೆ, ಸೇತುವೆ ತೋರಿಸಿದರೆ ಮಾತ್ರ ಕಣ್ಣು ಅರಳುತ್ತದೆ.

ಅಕ್ಟೋಬರ್ ಎರಡನೇ ಸೋಮವಾರ ಇಲ್ಲಿ ರಜೆ. ಮರಗಳೆಲ್ಲ ಕೆಂಪು, ಹಳದಿ ಆಗಿರುವ ಹೊತ್ತು. ರೂಟ್ 20 ಹಿಡಿದು ಮ್ಯಾಸಚೂಸೆಟ್ಸ್ ರಾಜ್ಯವನ್ನು ಪೂರ್ವದಿಂದ ಪಶ್ಚಿಮಕ್ಕೆ ದಾಟುವುದು, ದಾರಿಯಲ್ಲಿರುವ ಹಳೇ ಹೋಟೆಲುಗಳಲ್ಲಿ ಉಂಡು ಮಲಗುವುದು ಅಂತ ಯೋಚನೆ ಮಾಡಿದೆವು. ಇವು ಇನ್ನೂರು ಮುನ್ನೂರು ವರ್ಷದ ಕೆಳಗೆ ಕುದುರೆ ಸವಾರರಿಗೆ, ಸಾರೋಟಿನವರಿಗೆ ಅಂತ ಶುರುವಾದ ಜಾಗಗಳು. ಇಲ್ಲಿ ಇದಕ್ಕೆ 'ಇನ್' ಅನ್ನುತ್ತಾರೆ. ಅಮ್ಮನದ್ದು ಒಂದೇ ಪ್ರಶ್ನೆ: "ಅಲ್ಲಿ ನನಗೆ ತಿನ್ನೋಕೆ ಏನು ಸಿಗತ್ತೆ?" ಅಮ್ಮ ಮೊಟ್ಟೆ ಕೂಡ ಮುಟ್ಟುವುದಿಲ್ಲ.

ಮೊದಲು ಹೋದದ್ದು ಸಡ್‌ಬರಿಯ ವೇಸೈಡ್ ಇನ್‌ಗೆ. ಬಾಸ್ಟನ್‌ನಿಂದ ಮೂವತ್ತು ಚಿಲ್ಲರೆ ಕಿಲೋಮೀಟರ್. ಡೇವಿಡ್ ಹೌ ಎಂಬಾತ 1716ರಲ್ಲಿ ಲೈಸೆನ್ಸ್ ತೆಗೆದುಕೊಂಡು ತನ್ನ ಮನೆಯಲ್ಲೇ ದಾರಿಹೋಕರಿಗೆ ಊಟ, ಹಾಸಿಗೆ ಕೊಡಲು ಶುರುಮಾಡಿದ. ಆಗ ಊರಿಗೊಂದು ಇಂಥ ಮನೆ ಇರಲೇಬೇಕಿತ್ತು. ಅದನ್ನು ನಡೆಸದ ಊರಿಗೆ ದಂಡ ಹಾಕಬಹುದು ಎಂದು 1656ರಲ್ಲೇ ಇಲ್ಲಿನ ಸರ್ಕಾರ ಕಾನೂನು ಮಾಡಿತ್ತು. ಯಾಕೆಂದರೆ ದಾರಿಗಳು ಅಷ್ಟು ಕೆಟ್ಟದಾಗಿದ್ದವು. 1783ರಲ್ಲಿ ಲೆವಿ ಪೀಸ್ ಎಂಬಾತ ಬಾಸ್ಟನ್‌ನಿಂದ ಹಾರ್ಟ್‌ಫರ್ಡ್‌ಗೆ ಸಾರೋಟು ಓಡಿಸಲು ಶುರುಮಾಡಿದಾಗ ನಾಲ್ಕು ದಿನ ಹಿಡಿಯುತ್ತಿತ್ತು. ಈಗ ಕಾರಿನಲ್ಲಿ ಎರಡು ಗಂಟೆಯ ದಾರಿ. ನಡುವೆ ಎಲ್ಲೋ ಒಂದು ಕಡೆ ಇಳಿದು ಉಣ್ಣಬೇಕಲ್ಲ. ಮಾಲೀಕ ಮಾಡಿಸಿದ್ದೇ ಅಡುಗೆ, ಅವನು ಹೇಳಿದ್ದೇ ಹೊತ್ತು. ಎಲ್ಲರೂ ಒಂದೇ ಮೇಜಿಗೆ ಕೂರಬೇಕು. ಜನ ಜಾಸ್ತಿಯಾದರೆ ಗುರುತಿಲ್ಲದವನ ಜೊತೆ ಹಾಸಿಗೆಯನ್ನೂ ಹಂಚಿಕೊಳ್ಳಬೇಕು.

ಅಪ್ಪ ಕಾರಿನಿಂದ ಇಳಿದವರೇ ಬಾಗಿಲಿಗೆ ಹೋಗಲಿಲ್ಲ. ರಸ್ತೆ ನೋಡುತ್ತ ನಿಂತರು. "ಇದು ಹೈವೇ ಅಲ್ವಲ್ಲ?" ಅಂದರು. ಅಲ್ಲ. ಹೈವೇ ಸ್ವಲ್ಪ ದೂರದಲ್ಲಿದೆ. ಅದರದ್ದೊಂದು ಕಥೆ. ಈ ಹೋಟೆಲನ್ನು 1923ರಲ್ಲಿ ಹೆನ್ರಿ ಫೋರ್ಡ್ ಕೊಂಡುಕೊಂಡ. ಹೌದು, ಕಾರಿನ ಫೋರ್ಡೇ. ಆಗ ದೊಡ್ಡ ರಸ್ತೆ ಹೋಟೆಲಿನ ಮುಂದೆಯೇ ಹಾದುಹೋಗುತ್ತಿತ್ತು. ಕಾರುಗಳ ಓಡಾಟಕ್ಕೆ ಹಳೇ ಕಟ್ಟಡ ಅದುರುತ್ತದೆ ಅಂತ ಆತ ತನ್ನ ಸ್ವಂತ ದುಡ್ಡಿನಲ್ಲಿ ಬೈಪಾಸ್ ಮಾಡಿಸಿದ! ಊರಿಗೆಲ್ಲ ಕಾರು ಹತ್ತಿಸಿದ ಮನುಷ್ಯ ತನ್ನ ಹೋಟೆಲಿನ ಮುಂದೆ ಮಾತ್ರ ಕಾರು ಬೇಡ ಅಂದ. ಅಪ್ಪ ನಕ್ಕೂ ನಕ್ಕೂ ಸುಸ್ತಾದರು. "ನಾವು ಬೈಪಾಸ್ ಮಾಡಿದರೆ ಹೋಟೆಲಿನವರು ಧರಣಿ ಕೂರ್ತಿದ್ರು. ಇಲ್ಲಿ ಹೋಟೆಲಿನವನೇ ಮಾಡಿಸಿದ್ದಾನಲ್ಲ!"

ಒಳಗೆ ಬಲಕ್ಕೋ ಎಡಕ್ಕೋ ತಿರುಗಿದರೂ ನೆಲ ಕಿರುಗುಟ್ಟುತ್ತದೆ. ಚಾವಣಿ ತಗ್ಗು. ನಮ್ಮವರು ಆರಡಿ ಇದ್ದಾರೆ, ಪ್ರತಿ ಬಾಗಿಲಿಗೂ ತಲೆ ತಗ್ಗಿಸಿದರು. ಹಳೇ ಬಾರ್ ರೂಮಿನಲ್ಲಿ ಮದ್ಯದ ಕಟ್ಟೆಯ ಮೇಲೆ ಮರದ ಸರಳುಗಳ ಜಾಲರಿ ಇದೆ. ರಾತ್ರಿ ವ್ಯಾಪಾರ ಮುಗಿದ ಮೇಲೆ ಅದನ್ನು ಇಳಿಸಿ ಬೀಗ ಹಾಕುವುದು. ಮೇಲಿನ ಕೋಣೆಯಲ್ಲಿ ಮಲಗುವ ಗಿರಾಕಿಗಳ ಮೇಲೆ ಅಷ್ಟು ನಂಬಿಕೆ!

ನಾನು ಮೊದಲೇ ಫೋನ್ ಮಾಡಿ ಅಮ್ಮನ ವಿಷಯ ಹೇಳಿದ್ದೆ. ಇದು ತುಂಬಾ ಮುಖ್ಯ. ಇಂಥ ಕಡೆ ಮೆನು ನೋಡಿದರೆ ಸಸ್ಯಾಹಾರಿಗಳಿಗೆ ಎದೆ ಧಸಕ್ಕೆನ್ನುತ್ತದೆ. ಗಂಟೆಗಟ್ಟಲೆ ಸಣ್ಣ ಉರಿಯಲ್ಲಿ ಬೇಯಿಸಿದ ದನದ ಮಾಂಸದ ಪಾಟ್ ರೋಸ್ಟ್, ಕೋಳಿ ತುಂಬಿದ ಪೈ, ಬೇಯಿಸಿದ ಮೀನು, ಚೌಡರ್ ಎಂಬ ಗಟ್ಟಿ ಸೂಪ್. ನಮ್ಮವರು ಮಂಗಳೂರು ಕಡೆಯವರು, ಅವರಿಗೆ ಹಬ್ಬ. ಮರುವಾಯಿ, ಅಂದರೆ ಚಿಪ್ಪುಮೀನು, ಮತ್ತು ಆಲೂಗಡ್ಡೆ ಹಾಕಿದ ಚೌಡರ್ ಎರಡು ಚಮಚ ಬಾಯಿಗಿಟ್ಟು, "ನಮ್ಮ ಮರುವಾಯಿ ಸುಕ್ಕಕ್ಕೆ ತೆಂಗಿನಕಾಯಿ, ಮೆಣಸು ಎಲ್ಲ ಬಿಟ್ಟು ಬರೀ ಹಾಲು ಹುಯ್ದ ಹಾಗಿದೆ" ಅಂದರು. ಬಯ್ದರೋ ಹೊಗಳಿದರೋ ಗೊತ್ತಾಗಲಿಲ್ಲ. ಬಟ್ಟಲಂತೂ ಖಾಲಿಯಾಯಿತು.

ಅಮ್ಮನಿಗೆ ಒಂದು ದೊಡ್ಡ ತಟ್ಟೆ ಬಂತು. ಬೇಯಿಸಿ ಮಸೆದ ಸಿಹಿ ಕುಂಬಳ, ಬೆಣ್ಣೆ ಹಾಕಿದ ಆಲೂಗಡ್ಡೆ, ಹುರುಳಿಕಾಯಿ, ಸುಟ್ಟ ಗಜ್ಜರಿ. ಉಪ್ಪು ಬಿಟ್ಟರೆ ಮಸಾಲೆ ಅನ್ನುವುದೇ ಇಲ್ಲ. ನಾನು ಚೀಲದಲ್ಲಿ ಚಟ್ನಿಪುಡಿ ಇಟ್ಟುಕೊಂಡಿದ್ದೆ. ಅಮ್ಮ ಕೈಯಲ್ಲೇ ತಡೆದಳು. ಮೊದಲು ಹಾಗೇ ತಿಂದು ನೋಡಿದಳು. "ಕುಂಬಳಕಾಯಿ ಎಷ್ಟು ಸಿಹಿ ಇದೆ ಕಣೇ" ಅಂದಳು. ಆಮೇಲೆ ಆಲೂಗಡ್ಡೆಗೆ ಮಾತ್ರ ಚಟ್ನಿಪುಡಿ ಕೇಳಿದಳು. ಬಡಿಸುವ ಹೆಂಗಸು ಅದೇನು ಅಂತ ಕುತೂಹಲದಿಂದ ಕೇಳಿದರು. ಬೆರಳ ತುದಿಯಲ್ಲಿ ರುಚಿ ನೋಡಿ ಎರಡು ಲೋಟ ನೀರು ಕುಡಿದರು.

ಕೊನೆಗೆ ಬಂದದ್ದು ಇಂಡಿಯನ್ ಪುಡಿಂಗ್. ಇದರಲ್ಲಿ ನಮ್ಮ ದೇಶದ್ದು ಏನೂ ಇಲ್ಲ. ಇಲ್ಲಿನ ಮೂಲನಿವಾಸಿಗಳಿಂದ ಇಂಗ್ಲಿಷರು ಕಲಿತ ಮೆಕ್ಕೆಜೋಳದ ಹಿಟ್ಟು, ಹಾಲು, ಕಾಕಂಬಿ. ಇದಿಷ್ಟನ್ನು ಗಂಟೆಗಟ್ಟಲೆ ಒಲೆಯಲ್ಲಿ ಬೇಯಿಸುತ್ತಾರೆ. ನೋಡಲು ಚೆನ್ನಾಗಿಲ್ಲ, ಕಂದು ಬಣ್ಣದ ಮುದ್ದೆ. ಬಿಸಿಯಿರುವಾಗಲೇ ಮೇಲೆ ಐಸ್‌ಕ್ರೀಮ್ ಇಟ್ಟುಕೊಡುತ್ತಾರೆ. ಬಾಯಿಗಿಟ್ಟರೆ ಮೊದಲು ಶುಂಠಿ, ದಾಲ್ಚಿನ್ನಿ, ಆಮೇಲೆ ಕಾಕಂಬಿಯ ಸ್ವಲ್ಪ ಕಹಿ ಸೇರಿದ ಸಿಹಿ. ಗೋಧಿ ಈ ನೆಲದಲ್ಲಿ ಸರಿಯಾಗಿ ಬೆಳೆಯಲಿಲ್ಲ, ಮೆಕ್ಕೆಜೋಳ ಬೆಳೆಯಿತು. ಸಕ್ಕರೆ ದುಬಾರಿ, ಕಾಕಂಬಿ ಅಗ್ಗ. ಕಾಕಂಬಿ ಬರುತ್ತಿದ್ದದ್ದು ಕೆರಿಬಿಯನ್ ದ್ವೀಪಗಳಿಂದ. ಅಲ್ಲಿ ಆಫ್ರಿಕಾದಿಂದ ಹಿಡಿದು ತಂದ ಗುಲಾಮರು ಕಬ್ಬು ಅರೆಯುತ್ತಿದ್ದರು. ಅದೇ ಕಾಕಂಬಿಯಿಂದ ಇಲ್ಲಿನವರು ರಮ್ ಕಾಸುತ್ತಿದ್ದರು. 1733ರಲ್ಲೂ 1764ರಲ್ಲೂ ಬ್ರಿಟಿಷರು ಇದರ ಮೇಲೆ ತೆರಿಗೆ ಹಾಕಿ ಜನರ ಸಿಟ್ಟಿಗೆ ತುಪ್ಪ ಸುರಿದರು. 1775ರ ಏಪ್ರಿಲ್‌ನಲ್ಲಿ ಕಾಂಕರ್ಡ್‌ನಲ್ಲಿ ಗುಂಡು ಹಾರಿ ಅಮೆರಿಕದ ಸ್ವಾತಂತ್ರ್ಯ ಯುದ್ಧ ಶುರುವಾದಾಗ ಈ ಹೋಟೆಲಿನ ಮಾಲೀಕ ಎಜಿಕಿಯಲ್ ಹೌ ಕೂಡ ಸಡ್‌ಬರಿಯವರನ್ನು ಕರೆದುಕೊಂಡು ಹೊರಟಿದ್ದ.

ಪುಡಿಂಗ್‌ಗೆ ಮೊಟ್ಟೆ ಹಾಕಿದ್ದಾರೆ ಅಂತ ಗೊತ್ತಾದ ಮೇಲೆ ಅಮ್ಮ ಮುಟ್ಟಲಿಲ್ಲ. ಅಪ್ಪ ಕಿವಿ ಕೇಳಿಸದವರ ಹಾಗೆ ತಿಂದು ಮುಗಿಸಿದರು.

ಶನಿವಾರ: ಸಡ್‌ಬರಿಯಿಂದ ಸ್ಟರ್‌ಬ್ರಿಜ್‌ಗೆ

ಬೆಳಿಗ್ಗೆ ಅಪ್ಪ ತೊಲೆಗಳನ್ನು ತಟ್ಟಿ ನೋಡುತ್ತಿದ್ದರು. "ಇದರಲ್ಲಿ 1716ರದ್ದು ಎಷ್ಟಿದೆ?" ಎಂಜಿನಿಯರ್ ಪ್ರಶ್ನೆ. ಉತ್ತರ ಸುಲಭ ಇಲ್ಲ. 1955ರ ಡಿಸೆಂಬರ್‌ನಲ್ಲಿ ಇಲ್ಲಿ ಬೆಂಕಿ ಬಿದ್ದು ಕಟ್ಟಡದ ಬಹುಪಾಲು ಹಾಳಾಯಿತು. ಫೋರ್ಡ್ ಫೌಂಡೇಶನ್ ದುಡ್ಡು ಕೊಟ್ಟ ಮೇಲೆ ಮತ್ತೆ ಹಳೆಯದರ ಹಾಗೆಯೇ ಕಟ್ಟಿದರು.

ಅದಕ್ಕಿಂತ ತಮಾಷೆಯ ಸಂಗತಿ ಇನ್ನೊಂದಿದೆ. ಈ ಜಾಗ ಹೆಸರುವಾಸಿಯಾದದ್ದು ಕವಿ ಲಾಂಗ್‌ಫೆಲೋನಿಂದ. ಚಳಿಯ ರಾತ್ರಿ ಈ ಹೋಟೆಲಿನ ಬೆಂಕಿಗೂಡಿನ ಮುಂದೆ ಕೂತ ಅತಿಥಿಗಳು ಒಬ್ಬೊಬ್ಬರಾಗಿ ಕಥೆ ಹೇಳುವ ಹಾಗೆ ಆತ ಬರೆದ ಕಾವ್ಯ 1863ರಲ್ಲಿ ಬಂತು. ಆದರೆ ಆತ ಇಲ್ಲಿಗೆ ಬಂದದ್ದು 1862ರಲ್ಲಿ. ಹೌ ಮನೆತನದ ಕೊನೆಯ ಮಾಲೀಕ ಲೈಮನ್ ಹೌ ಅದರ ಹಿಂದಿನ ವರ್ಷವೇ ತೀರಿಕೊಂಡಿದ್ದ. ಹೋಟೆಲು ಮುಚ್ಚಿತ್ತು. ಕವಿ ನೋಡಿದ್ದು ಕುಸಿಯುವ ಹಾಗಿದ್ದ ಒಂದು ಹಳೇ ಮನೆಯನ್ನು. ಅತಿಥಿಗಳನ್ನು, ಊಟವನ್ನು, ಬೆಂಕಿಯನ್ನು ಆತನೇ ತುಂಬಿದ. ಕಾವ್ಯ ಓದಿದ ಜನ ಹುಡುಕಿಕೊಂಡು ಬರತೊಡಗಿದರು. 1897ರಲ್ಲಿ ಉಣ್ಣೆ ವ್ಯಾಪಾರಿಯೊಬ್ಬ ಕೊಂಡುಕೊಂಡು ಮತ್ತೆ ಹೋಟೆಲು ಮಾಡಿದ. ಆಮೇಲೆ ಫೋರ್ಡ್ ಬಂದ. ಕವಿ, ಉಣ್ಣೆ ವ್ಯಾಪಾರಿ, ಕಾರಿನವನು. ಒಬ್ಬೊಬ್ಬರ ಹುಚ್ಚು ಒಂದೊಂದು ಥರ. ಅವರಲ್ಲಿ ಒಬ್ಬ ತಪ್ಪಿದ್ದರೂ ನಮಗೆ ರಾತ್ರಿಯ ಊಟ ಇರುತ್ತಿರಲಿಲ್ಲ.

ಫೋರ್ಡ್ ಕೈಹಾಕಿದ ಮೇಲೆ ಸುಮ್ನೆ ಕೂರಲಿಲ್ಲ. 1929ರಲ್ಲಿ ನೀರಿನ ಚಕ್ರದಿಂದ ತಿರುಗುವ ಒಂದು ಹಿಟ್ಟಿನ ಗಿರಣಿ ಕಟ್ಟಿಸಿದ. ಬೀಸುವ ಕಲ್ಲುಗಳನ್ನು ಫ್ರಾನ್ಸಿನಿಂದ ತರಿಸಿದ. ನೋಡಿದರೆ ಇನ್ನೂರು ವರ್ಷ ಹಳೆಯದು ಅನ್ನಿಸಬೇಕು, ಹಾಗೆ. ಗಿರಣಿ ಈಗಲೂ ಕೆಲಸ ಮಾಡುತ್ತದೆ. ರಾತ್ರಿ ನಾವು ತಿಂದ ಬ್ರೆಡ್ಡಿನ ಹಿಟ್ಟು ಅಲ್ಲಿಯದೇ. ನೀರಿನ ಚಕ್ರದ ಮುಂದೆ ಅಪ್ಪ ಎಷ್ಟು ಹೊತ್ತು ನಿಂತರು ಅಂದರೆ ಅಮ್ಮ ಬೆಂಚು ಹುಡುಕಿಕೊಂಡು ಕೂತಳು. ಪಕ್ಕದಲ್ಲಿ ಒಂದು ಬಿಳಿ ಚರ್ಚು. 1938ರ ಚಂಡಮಾರುತದಲ್ಲಿ ಇಲ್ಲೇ ಉರುಳಿದ ಮರಗಳಿಂದ ಅದನ್ನು ಕಟ್ಟಿಸಿ, ತನ್ನ ತಾಯಿಯ ಮತ್ತು ಹೆಂಡತಿಯ ತಾಯಿಯ ಹೆಸರುಗಳನ್ನು ಸೇರಿಸಿ ಮಾರ್ಥಾ-ಮೇರಿ ಅಂತ ಹೆಸರಿಟ್ಟ. "ಅತ್ತೆ ಹೆಸರಲ್ಲಿ ಗುಡಿ ಕಟ್ಟಿಸಿದ ಅಳಿಯ!" ಅಂತ ಅಮ್ಮ ನಮ್ಮವರ ಕಡೆ ನೋಡಿದಳು. "ಮೊದಲು ಮನೆ ಸಾಲ ತೀರಲಿ ಅತ್ತೆ" ಅಂದರು ಇವರು.

ಇಲ್ಲಿ ಉಳಿದುಕೊಳ್ಳುವವರದ್ದು ಒಂದು ಪದ್ಧತಿ ಇದೆ. ಕೋಣೆಯ ಮೇಜು, ಕಪಾಟುಗಳ ಡ್ರಾಯರ್‌ಗಳಲ್ಲಿ ಮುಂದೆ ಬರುವವರಿಗೆ ಚೀಟಿ ಬರೆದಿಡುವುದು. ಪ್ರೇಮಪತ್ರ, ದೇವರಿಗೆ ಅರ್ಜಿ, ಮಕ್ಕಳು ಬಿಡಿಸಿದ ಕುದುರೆ, ಏನೇನೋ ಇದ್ದವು. ಅಮ್ಮ ತಾನೂ ಕನ್ನಡದಲ್ಲಿ ಒಂದು ಬರೆದಿಟ್ಟಳು. ಏನು ಬರೆದೆ ಅಂದರೆ, "ಪುಡಿಂಗ್‌ನಲ್ಲಿ ಮೊಟ್ಟೆ ಇರತ್ತೆ, ಕೇಳಿ ತಿನ್ನಿ ಅಂತ. ಯಾರಾದ್ರೂ ನಮ್ಮವರು ಬಂದ್ರೆ ಉಪಯೋಗಕ್ಕೆ ಬರಲಿ" ಅಂದಳು.

ಮಧ್ಯಾಹ್ನ ದಾರಿಯಲ್ಲೊಂದು ಸಣ್ಣ ಹೋಟೆಲಿನಲ್ಲಿ ತರಕಾರಿ ಸೂಪ್ ಕೇಳಿದೆವು. ಮಾಂಸ ಇಲ್ಲ ತಾನೇ ಅಂದರೆ ಇಲ್ಲ ಅಂದರು. ಬಂದ ಮೇಲೆ ಇನ್ನೊಮ್ಮೆ ಕೇಳಿದಾಗ ಕೋಳಿ ಬೇಯಿಸಿದ ನೀರಿನಲ್ಲಿ ಮಾಡಿದ್ದು ಅಂತ ಗೊತ್ತಾಯಿತು. ಅವರ ಲೆಕ್ಕದಲ್ಲಿ ನೀರು ಮಾಂಸ ಅಲ್ಲ. ಅಮ್ಮ ಬಾಳೆಹಣ್ಣು ತಿಂದಳು.

ಸ್ಟರ್‌ಬ್ರಿಜ್‌ನ ಪಬ್ಲಿಕ್ ಹೌಸ್ ಎಂಬ ಇನ್ 1771ರದ್ದು. ಶುರುಮಾಡಿದವನು ಎಬೆನೀಜರ್ ಕ್ರಾಫ್ಟ್ಸ್. ಸ್ವಾತಂತ್ರ್ಯ ಯುದ್ಧದಲ್ಲಿ ಕುದುರೆ ಪಡೆ ಕಟ್ಟಿಕೊಂಡು ಹೋದವನು. ಆಮೇಲೆ ಸಾಲದಲ್ಲಿ ಮುಳುಗಿ ಎಲ್ಲ ಮಾರಿ ವರ್ಮಾಂಟ್‌ಗೆ ಹೋಗಿ ಬೇರೆ ಊರು ಕಟ್ಟಿದ. ಆ ಊರಿಗೆ ಕ್ರಾಫ್ಟ್ಸ್‌ಬರಿ ಅಂತಲೇ ಹೆಸರು. ಇಲ್ಲಿ ವರ್ಷವಿಡೀ ಟರ್ಕಿ ಕೋಳಿಯ ಹಬ್ಬದೂಟ ಸಿಗುತ್ತದೆ. ಬೇಕರಿಯ ಸ್ಟಿಕಿ ಬನ್ ಜನಪ್ರಿಯ. ಊಟ ಚೆನ್ನಾಗಿತ್ತು, ಅಷ್ಟೇ. ಮದುವೆ ಪಾರ್ಟಿಯೊಂದು ಇತ್ತು, ಗಲಾಟೆಯಲ್ಲಿ ಮಾತು ಕೇಳಿಸಲಿಲ್ಲ.

ಅದಕ್ಕೆ ಮುಂಚೆ ಸಂಜೆಯ ತನಕ ಕಾಲ ಕಳೆದದ್ದು ಹತ್ತಿರದ ಓಲ್ಡ್ ಸ್ಟರ್‌ಬ್ರಿಜ್ ವಿಲೇಜ್‌ನಲ್ಲಿ. ನ್ಯೂ ಇಂಗ್ಲೆಂಡ್ ಅಂತ ಕರೆಯುವ ಅಮೆರಿಕದ ಈ ಭಾಗದ ಬೇರೆ ಬೇರೆ ಊರುಗಳಿಂದ ಹಳೇ ಮನೆ, ಅಂಗಡಿ, ಚರ್ಚುಗಳನ್ನು ಬಿಚ್ಚಿ ತಂದು ಒಂದು ಕಡೆ ಕೂರಿಸಿದ್ದಾರೆ. 1946ರಲ್ಲಿ ಜನರಿಗೆ ತೆರೆದರು. 1830ರ ಸುಮಾರಿನ ಜೀವನ ತೋರಿಸುತ್ತಾರೆ. ಒಂದು ಅಡುಗೆಮನೆಯಲ್ಲಿ ಹೆಂಗಸೊಬ್ಬರು ಕಾಲುಗಳಿರುವ ಕಬ್ಬಿಣದ ಪಾತ್ರೆಯನ್ನು ಕೆಂಡದ ಮೇಲಿಟ್ಟು, ಮುಚ್ಚಳದ ಮೇಲೂ ಕೆಂಡ ಹರವಿ ಬ್ರೆಡ್ ಬೇಯಿಸುತ್ತಿದ್ದರು. ಅಮ್ಮ ತನ್ನ ಇಂಗ್ಲಿಷಿನಲ್ಲೇ ಮಾತಿಗೆ ನಿಂತಳು. ಅಜ್ಜಿ ಮನೆಯಲ್ಲಿ ಸೌತೆಕಾಯಿ ಕಡುಬನ್ನು ಹೀಗೇ ಮೇಲೆ ಕೆಳಗೆ ಕೆಂಡ ಇಟ್ಟು ಮಾಡುತ್ತಿದ್ದರು ಅಂತ ಶುರುವಾಗಿ, ಬೂದಿ ಎಷ್ಟು ಹೊತ್ತಿಗೆ ಜಾಡಿಸಬೇಕು ಎಂಬ ತನಕ ಹೋಯಿತು. ಇಬ್ಬರಿಗೂ ಭಾಷೆಯ ತೊಂದರೆ ಆಗಲಿಲ್ಲ.

ಭಾನುವಾರ: ಬೆಟ್ಟ ಹತ್ತಿ ಸ್ಟಾಕ್‌ಬ್ರಿಜ್

ಸ್ಪ್ರಿಂಗ್‌ಫೀಲ್ಡ್ ದಾಟಿದ ಮೇಲೆ ರೂಟ್ 20 ಚೆನ್ನಾಗಾಗುತ್ತದೆ. ರಸಲ್ ಎಂಬ ಊರಿನಿಂದ ಲೀ ತನಕ ಬರ್ಕ್‌ಶೈರ್ ಬೆಟ್ಟಗಳನ್ನು ಹತ್ತಿ ಇಳಿಯುವ ಭಾಗಕ್ಕೆ ಜೇಕಬ್ಸ್ ಲ್ಯಾಡರ್ ಅನ್ನುತ್ತಾರೆ. ಕಾರು ಓಡಿಸಲಿಕ್ಕೆಂದೇ ಬೆಟ್ಟದ ಮೇಲೆ ಮಾಡಿದ ಮೊದಮೊದಲ ರಸ್ತೆಗಳಲ್ಲಿ ಇದೂ ಒಂದು, 1910ರದ್ದು. ಅಪ್ಪ ಮುಂದಿನ ಸೀಟಿಗೆ ಬಂದು ಇಳಿಜಾರು, ತಿರುವು, ಚರಂಡಿ ಎಲ್ಲದಕ್ಕೂ ಮಾರ್ಕ್ಸ್ ಕೊಟ್ಟರು. ಚರಂಡಿಗೆ ಫುಲ್ ಮಾರ್ಕ್ಸ್. ನಾನು, ಅಮ್ಮ ಮರ ನೋಡಿದೆವು. ಮೇಪಲ್ ಮರಗಳ ಆ ಕೆಂಪನ್ನು ಫೋಟೋದಲ್ಲಿ ಹಿಡಿಯಲು ಹೋಗಿ ಒಂದೂ ಸರಿ ಬರಲಿಲ್ಲ. ಆಚೆ ಕಡೆಯಿಂದ ಎಲೆ ನೋಡಲು ಬಂದ ಕಾರುಗಳ ಸಾಲು ಬೇರೆ.

ರೂಟ್ 20 ಬಿಟ್ಟು ಸ್ವಲ್ಪ ಪಕ್ಕಕ್ಕೆ ಹೋದರೆ ಸ್ಟಾಕ್‌ಬ್ರಿಜ್. ಮುಖ್ಯ ಬೀದಿಯಲ್ಲಿ ರೆಡ್ ಲಯನ್ ಇನ್, 1773ರಿಂದ. ಬಿಳಿ ಬಣ್ಣದ ದೊಡ್ಡ ಮರದ ಕಟ್ಟಡ, ಮುಂದೆ ಉದ್ದಕ್ಕೆ ಜಗಲಿ, ಸಾಲಾಗಿ ತೂಗು ಕುರ್ಚಿಗಳು. ಅಪ್ಪನ ಪ್ರಶ್ನೆ ಮತ್ತೆ ಬಂತು. ಇಲ್ಲಿ ಉತ್ತರ ಸುಲಭ. 1896ರಲ್ಲಿ ಹೋಟೆಲು ಸುಟ್ಟುಹೋಯಿತು. ಈಗಿರುವುದು 1897ರಲ್ಲಿ ಕಟ್ಟಿದ್ದು. ಬೆಂಕಿಯ ದಿನ ಜನ ಓಡಿಬಂದು ಒಳಗಿದ್ದ ಪಿಂಗಾಣಿ, ಟೀ ಪಾಟ್, ಕುರ್ಚಿ-ಮೇಜುಗಳನ್ನು ಹೊರಗೆ ಸಾಗಿಸಿದ್ದರು. ಅಂದರೆ ಕಟ್ಟಡ ಹೊಸದು, ಪಾತ್ರೆ ಹಳೆಯದು. ಅಮ್ಮನಿಗೆ ಇದು ಸರಿಯಾದ ಕ್ರಮ ಅನ್ನಿಸಿತು.

ನಾರ್ಮನ್ ರಾಕ್‌ವೆಲ್ ಎಂಬ ಚಿತ್ರಕಾರ 1953ರಿಂದ 1978ರಲ್ಲಿ ಸಾಯುವ ತನಕ ಈ ಊರಿನಲ್ಲಿದ್ದ. ಕ್ರಿಸ್‌ಮಸ್ ಸಂಜೆಯ ಈ ಬೀದಿಯನ್ನು ಆತ ಬರೆದ ಚಿತ್ರ 1967ರಲ್ಲಿ ಅಚ್ಚಾಯಿತು. ಊರ ಹೊರಗಿನ ಅವನ ಮ್ಯೂಸಿಯಮ್‌ಗೆ ಹೋಗಿದ್ದೆವು. ಆ ಚಿತ್ರದಲ್ಲಿ ಬೀದಿಯ ಅಂಗಡಿಗಳೆಲ್ಲ ದೀಪ ಹಚ್ಚಿಕೊಂಡಿವೆ. ರೆಡ್ ಲಯನ್ ಮಾತ್ರ ಕತ್ತಲು. ಆಗ ಅದು ಬೇಸಿಗೆಯಲ್ಲಷ್ಟೇ ನಡೆಯುತ್ತಿತ್ತು. 1968ರಲ್ಲಿ ಪರದೆ ವ್ಯಾಪಾರ ಮಾಡುತ್ತಿದ್ದ ಫಿಟ್ಜ್‌ಪ್ಯಾಟ್ರಿಕ್ ದಂಪತಿ ಕೊಂಡುಕೊಂಡ ಮೇಲೆ ವರ್ಷವಿಡೀ ತೆರೆಯಿತು. ಇಲ್ಲೂ ಮತ್ತೊಬ್ಬರ ಹುಚ್ಚು ನೋಡಿ.

ಈ ಬೀದಿಯದ್ದು ಇನ್ನೊಂದು ಕಥೆ ಇದೆ. ಅದನ್ನು ಊಟದ ಮೇಜಿನಲ್ಲಿ ಯಾರೂ ಹೇಳುವುದಿಲ್ಲ. 1730ರ ದಶಕದಲ್ಲಿ ಸ್ಟಾಕ್‌ಬ್ರಿಜ್ ಶುರುವಾದದ್ದು ಮೊಹಿಕನ್ ಎಂಬ ಮೂಲನಿವಾಸಿ ಜನರಿಗಾಗಿ, ಪಾದ್ರಿಗಳ ಊರಾಗಿ. ನೆಲ ಅವರದ್ದೇ. ಸ್ವಾತಂತ್ರ್ಯ ಯುದ್ಧದಲ್ಲಿ ಅವರು ಅಮೆರಿಕನ್ನರ ಪರ ಹೋರಾಡಿದರು, ಪ್ರಾಣ ಕೊಟ್ಟರು. ಅಷ್ಟರಲ್ಲಿ ಸಾಲಕ್ಕೆ, ಮಾರಾಟಕ್ಕೆ ಜಮೀನು ಒಂದೊಂದಾಗಿ ಬಿಳಿಯರ ಕೈ ಸೇರಿತ್ತು. ಯುದ್ಧ ಮುಗಿದ ಮೇಲೆ ಅವರು ನ್ಯೂಯಾರ್ಕ್ ಕಡೆಗೆ, ಕೊನೆಗೆ ವಿಸ್ಕಾನ್ಸಿನ್‌ಗೆ ಹೋಗಬೇಕಾಯಿತು. ಅವರ ಸಮುದಾಯ ಈಗಲೂ ಅಲ್ಲಿದೆ. ಊರಿನ ಹೆಸರನ್ನು ಮಾತ್ರ ಜೊತೆಗೆ ಒಯ್ದಿದ್ದಾರೆ. ಮೆಕ್ಕೆಜೋಳ ಬೆಳೆಯಲು ಕಲಿಸಿದವರ ಗತಿ ಇದು. ಹಳೇ ಹೋಟೆಲುಗಳ ಗೋಡೆಯ ಮೇಲೆ ಕರ್ನಲ್‌ಗಳ ಪಟ ಜಾಸ್ತಿ, ಇವರದ್ದು ಕಡಿಮೆ.

ರಾತ್ರಿ ಊಟಕ್ಕೆ ನೆಲಮಾಳಿಗೆಯ ಪಬ್ ಬಿಟ್ಟು ಮೇಲಿನ ದೊಡ್ಡ ಕೋಣೆಯನ್ನೇ ಆರಿಸಿದೆವು. ಬಿಳಿ ಮೇಜುಬಟ್ಟೆ, ಸಣ್ಣ ದೀಪ. ಅಡುಗೆಯವರು ಅಮ್ಮನಿಗಾಗಿ ಅಣಬೆ, ಬಾರ್ಲಿ, ಕುಂಬಳ ಸೇರಿಸಿ ಒಂದು ಅನ್ನದಂಥದ್ದು ಮಾಡಿಕೊಟ್ಟರು. ಪ್ರವಾಸದಲ್ಲೇ ಅಮ್ಮ ಪೂರ್ತಿ ಖಾಲಿ ಮಾಡಿದ ತಟ್ಟೆ ಅದು. ನಮ್ಮವರು ಟರ್ಕಿ ತಿಂದರು. ಅದಕ್ಕೆ ಹುಳಿ ಹುಳಿ ಕ್ರ್ಯಾನ್‌ಬೆರಿ ಸಾಸ್ ಕೊಡುತ್ತಾರೆ. ಅಮ್ಮ ಅದನ್ನು ಎತ್ತಿಕೊಂಡು ಬ್ರೆಡ್ಡಿಗೆ ಹಚ್ಚಿಕೊಂಡಳು. "ಇದಕ್ಕೊಂದು ಒಗ್ಗರಣೆ ಬಿದ್ದಿದ್ರೆ ಗೊಜ್ಜೇ" ಅಂದಳು.

ಅಪ್ಪ ಕಡೂರು, ಸಾಗರ, ಹೊಸನಗರದ ಐಬಿಗಳನ್ನು, ಅಂದರೆ ಸರ್ಕಾರಿ ಬಂಗಲೆಗಳನ್ನು, ನೆನೆಸಿಕೊಂಡರು. ಸೈಟ್ ನೋಡಲು ಹೋದಾಗ ಅಲ್ಲಿ ಉಳಿಯುತ್ತಿದ್ದದ್ದು, ಮೇಟಿ ಬೆಳಿಗ್ಗೆಯೇ ಬಂದು ಎಷ್ಟು ಜನ ಊಟಕ್ಕೆ ಅಂತ ಕೇಳುತ್ತಿದ್ದದ್ದು, ಅನ್ನ-ಹುಳಿ-ಹಪ್ಪಳ ಬಿಟ್ಟು ಬೇರೆ ಏನೂ ಇಲ್ಲದಿದ್ದದ್ದು. "ಅಲ್ಲೂ ಒಂದೇ ಅಡುಗೆ. ಆದ್ರೆ ಆ ಹುಳಿ!" ಅಂದರು. ಅದರಲ್ಲಿ ಎಷ್ಟು ಈಗ ಬೀಗ ಹಾಕಿ ಬಿದ್ದಿವೆ ಅಂತಲೂ ಅಂದರು. ಕೊಳ್ಳಲು ಫೋರ್ಡ್ ಇಲ್ಲ ಅಂದೆ. "ಸರ್ಕಾರಿ ಆಸ್ತಿ, ಮಾರೋಕೆ ಬರಲ್ಲ" ಅಂತ ಗಂಭೀರವಾಗಿ ಉತ್ತರ ಬಂತು.

ಸೋಮವಾರ: ವಾಪಸ್

ತಿಂಡಿಗೆ ಪ್ಯಾನ್‌ಕೇಕ್, ಮೇಪಲ್ ಸಿರಪ್. ಅಮ್ಮನಿಗೆ ಓಟ್ಸ್ ಗಂಜಿ, ಅದರ ಮೇಲೂ ಅದೇ ಸಿರಪ್. ಬಿಲ್ಲನ್ನು ಅಪ್ಪ ಕನ್ನಡಕ ಹಾಕಿಕೊಂಡು ಓದಿದರು. ಊಟದ ತೆರಿಗೆ ರಾಜ್ಯದ್ದು ಶೇ 6.25, ಊರಿನದ್ದು ಶೇ 0.75. ಅದರ ಮೇಲೆ ಟಿಪ್ಸ್ ಶೇ 20ರ ಹತ್ತಿರ. "ಊರಿಗೂ ಪಾಲು ಹೋಗತ್ತಾ? ಒಳ್ಳೇದು" ಅಂದರು. ಟಿಪ್ಸ್ ಬಗ್ಗೆ ಏನೂ ಹೇಳಲಿಲ್ಲ. ಮುಖ ಹೇಳಿತು.

ಹೋಗುವವರಿಗೆ ಎರಡು ಮಾತು. ಒಂದೇ ಸಂಜೆ ಇದ್ದರೆ ಸಡ್‌ಬರಿಗೆ ಹೋಗಿ, ಗಿರಣಿ ನೋಡಲು ಬೆಳಕಿರುವಾಗಲೇ ತಲುಪಿ. ಅಕ್ಟೋಬರಿನಲ್ಲಿ ಸ್ಟಾಕ್‌ಬ್ರಿಜ್‌ನಲ್ಲಿ ಕೋಣೆ ಬೇಕಾದರೆ ತಿಂಗಳುಗಳ ಮೊದಲೇ ಹಿಡಿಯಬೇಕು, ದರವೂ ಚುರುಕಾಗಿಯೇ ಇರುತ್ತದೆ. ಉಳಿಯದಿದ್ದರೂ ಊಟಕ್ಕೆ ಹೋಗಬಹುದು. ಸಸ್ಯಾಹಾರಿ ಅಂದರೆ ಸಾಲದು, ಮಾಂಸದ ನೀರು, ಮೀನು, ಮೊಟ್ಟೆ ಯಾವುದು ಆಗುವುದಿಲ್ಲ ಅಂತ ಬಿಡಿಸಿ ಹೇಳಿ. ಅದೂ ಹಿಂದಿನ ದಿನವೇ. ಹಾಗೆ ಹೇಳಿದ ಕಡೆ ನಮಗೆ ಒಳ್ಳೇ ಊಟವೇ ಸಿಕ್ಕಿತು.

ಅಪ್ಪ ವಾಪಸ್ಸೂ ರೂಟ್ 20ರಲ್ಲೇ ಹೋಗೋಣ ಅಂದರು. ರಜೆಯ ದಿನವಾದರೂ ನಮ್ಮವರಿಗೆ ಮಧ್ಯಾಹ್ನ ಆಫೀಸಿನ ಮೀಟಿಂಗ್ ಇತ್ತು. ಹಾಗಾಗಿ ಲೀಯಲ್ಲಿ ಟೋಲ್ ರಸ್ತೆ ಹತ್ತಿದೆವು. 1957ರಲ್ಲಿ ಇದು ತೆರೆದ ಮೇಲೆಯೇ ರೂಟ್ 20ರಲ್ಲಿ ದೂರ ಹೋಗುವವರ ಓಡಾಟ ಕಡಿಮೆಯಾಗಿದ್ದು. ಸಪಾಟು ರಸ್ತೆ, ಊರೇ ಸಿಗುವುದಿಲ್ಲ. ತಿನ್ನಲು ಟೋಲ್ ರಸ್ತೆಯವರೇ ಮಾಡಿಟ್ಟ ಪ್ಲಾಜಾಗಳು. ಒಂದರಲ್ಲಿ ಇಳಿದು ಅಮ್ಮನಿಗೆ ಆಲೂಗಡ್ಡೆ ಫ್ರೈಸ್ ಕೊಡಿಸಿದೆ. ಚಟ್ನಿಪುಡಿ ಡಬ್ಬಿ ತೆಗೆದಾಗ ಈ ಸಲ ಅಮ್ಮ ಕೈ ತಡೆಯಲಿಲ್ಲ. ಅಪ್ಪ ಮ್ಯಾಪ್ ತೆಗೆದು ರೂಟ್ 20 ಆಲ್ಬನಿ ಆಚೆ ಹೇಗೆ ಹೋಗುತ್ತದೆ ಅಂತ ನಮ್ಮವರಿಗೆ ತೋರಿಸುತ್ತಿದ್ದರು.